ಮೊಬೈಲಿನೊಳಗೊಬ್ಬ ಪಿಗ್ಮಿ ಏಜೆಂಟ್

ಸಂಜೆ ಏಳೂವರೆ ಆಯಿತೆಂದರೆ ನಮ್ಮ ಅಂಗಡಿಗೆ ದಿನದಿನದ ಉಳಿತಾಯದ ದುಡ್ಡು ಕಟ್ಟಿಸಿಕೊಳ್ಳಲು ಪಿಗ್ಮಿಯವರು ಬರುತ್ತಿದ್ದರು. ಹೆಗಲಿಗೊಂದು ಬ್ಯಾಗು, ಕೈಯಲ್ಲಿ ಪುಟ್ಟ ಮಷೀನು. ಅಪ್ಪ ಗಲ್ಲಾದಿಂದ ಐವತ್ತು ರೂಪಾಯಿ ತೆಗೆದು ಕೊಟ್ಟರೆ ಚೀಟಿ ಕೈಗೆ ಬರುತ್ತಿತ್ತು. ಎರಡು ನಿಮಿಷದ ಕೆಲಸ. ಈಗ ಯಾರಾದರೂ ಹುಡುಗ ಹುಡುಗಿಯರಿಗೆ ಉಳಿತಾಯದ ಆ್ಯಪ್ ಮಾಡಬೇಕು ಅಂದರೆ ನನಗೆ ಮೊದಲು ನೆನಪಾಗುವುದು ಅವರೇ. ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದ ಉಡುಪಿಯ ಬ್ಯಾಂಕು 1928ರಲ್ಲಿ ಪಿಗ್ಮಿ ಶುರು ಮಾಡಿತು. ದಿನಕ್ಕೆ ಎರಡಾಣೆ ಕಟ್ಟಿದರೂ ನಡೆಯುತ್ತಿತ್ತು. ದುಡ್ಡು ಕೈಯಲ್ಲಿರುವ ಹೊತ್ತಿಗೆ ಬಾಗಿಲಿಗೆ ಬಂದು ಕೇಳುವುದು, ಅದರ ಗುಟ್ಟು ಅಷ್ಟೇ. ಆ್ಯಪ್ ಕಲಿಯಬೇಕಾದ್ದೂ ಅದನ್ನೇ.

1. ಲ್ಯಾಪ್‌ಟಾಪ್ ಮುಚ್ಚಿಡಿ, ಎಂಟು ಜನರನ್ನು ಮಾತಾಡಿಸಿ

‘ಯುವಜನರಿಗಾಗಿ’ ಅಂದರೆ ಯಾರಿಗೂ ಅಲ್ಲ ಅಂತಲೇ ಅರ್ಥ. ಪಿಜಿಯಲ್ಲಿರುವ ಮೊದಲ ಕೆಲಸದವರೋ, ಡೆಲಿವರಿ ಹುಡುಗರೋ, ಒಂದು ಗುಂಪನ್ನು ಆರಿಸಿಕೊಳ್ಳಿ. ‘ಉಳಿತಾಯ ಮಾಡ್ತೀರಾ?’ ಅಂತ ಕೇಳಬೇಡಿ, ಎಲ್ಲರೂ ಹೂಂ ಅಂತಾರೆ. ಅವರ ಯುಪಿಐ ಹಿಸ್ಟರಿಯನ್ನು ಅವರೇ ತೆರೆದು ಹೋದ ತಿಂಗಳ ಖರ್ಚನ್ನು ಓದಿ ಹೇಳಲಿ. ನಾನು ಹೀಗೆ ಕೂತಾಗಲೇ ನನ್ನ ತಪ್ಪು ಗೊತ್ತಾಗಿದ್ದು. ತಿಂಗಳು 1ನೇ ತಾರೀಖಿಗೆ ಶುರುವಾಗುತ್ತದೆ ಅಂದುಕೊಂಡು ಎಲ್ಲ ಲೆಕ್ಕ ಬರೆದಿದ್ದೆ. ಬಟ್ಟೆ ಅಂಗಡಿಯ ಹುಡುಗಿಗೆ ಸಂಬಳ 7ಕ್ಕೆ, ಡೆಲಿವರಿ ಹುಡುಗನಿಗೆ ವಾರವಾರ. ಆದ್ದರಿಂದ ಆ್ಯಪ್ ಕೇಳಬೇಕಾದ ಮೊದಲ ಪ್ರಶ್ನೆ ‘ನಿಮಗೆ ದುಡ್ಡು ಬರೋದು ಯಾವತ್ತು?’

2. ಮೊದಲ ಪರದೆಯಲ್ಲಿ ಒಂದೇ ಅಂಕಿ

ಬಣ್ಣಬಣ್ಣದ ವೃತ್ತ ಚಿತ್ರ ಬೇಡ. ಊಟಕ್ಕೆ ಶೇ 31, ಓಡಾಟಕ್ಕೆ ಶೇ 9 ಅಂತ ತೋರಿಸಿದರೆ ಅದನ್ನಿಟ್ಟುಕೊಂಡು ಯಾರೂ ಏನೂ ಮಾಡುವುದಿಲ್ಲ. ‘ಮುಂದಿನ ಸಂಬಳದವರೆಗೆ ದಿನಕ್ಕೆ ಎಷ್ಟು ಖರ್ಚು ಮಾಡಬಹುದು?’ ಇದೊಂದನ್ನು ಹೇಳಿ.

ಲೆಕ್ಕ ಹೀಗಿರುತ್ತದೆ. ಸಂಬಳ 18,000 ರೂಪಾಯಿ. ಪಿಜಿಗೆ 7,500, ಮನೆಗೆ 4,000, ಬಸ್ ಪಾಸು, ರೀಚಾರ್ಜು ಅಂತ 1,100. ಉಳಿದದ್ದು 5,400. ದಿನಕ್ಕೆ 20 ರೂಪಾಯಿ ಪಿಗ್ಮಿ ಅಂದರೆ ತಿಂಗಳಿಗೆ 600. ಅದನ್ನು ಮೊದಲೇ ಎತ್ತಿಟ್ಟರೆ 4,800. ಮೂವತ್ತು ದಿನಕ್ಕೆ ಹಂಚಿದರೆ ದಿನಕ್ಕೆ 160. ಮೊದಲ ದಿನವೇ 300 ರೂಪಾಯಿಯ ಬಿರಿಯಾನಿ ತಿಂದರೆ? ಮಾರನೇ ಬೆಳಿಗ್ಗೆ ಆ 160 ಇದ್ದ ಜಾಗದಲ್ಲಿ 155 ಇರುತ್ತದೆ, ಅಷ್ಟೇ. ಕೆಂಪು ಬಣ್ಣ ಬೇಡ, ಬುದ್ಧಿಮಾತು ಬೇಡ. ಬೈಯುವ ಆ್ಯಪನ್ನು ಎಷ್ಟು ದಿನ ಇಟ್ಟುಕೊಳ್ಳುತ್ತಾರೆ ಹೇಳಿ?

3. ಅವರ ದುಡ್ಡನ್ನು ನೀವು ಮುಟ್ಟಬೇಡಿ

ಇಲ್ಲಿ ಉತ್ಸಾಹಿಗಳು ಎಡವುತ್ತಾರೆ. ‘ನಮ್ಮ ಖಾತೆಗೆ ಹಾಕಿಸಿಕೊಂಡು ಆಮೇಲೆ ವಾಪಸ್ ಕೊಡೋಣ’ ಅನ್ನುವ ಯೋಚನೆ ಬಂದರೆ ಅಲ್ಲೇ ಬಿಟ್ಟುಬಿಡಿ. ನಿಯಂತ್ರಣವಿಲ್ಲದ ಠೇವಣಿಗಳನ್ನು ನಿಷೇಧಿಸುವ ಕಾಯ್ದೆ 2019ರಿಂದ ಇದೆ. ಜನರಿಂದ ಠೇವಣಿ ತೆಗೆದುಕೊಳ್ಳುವುದು ಬ್ಯಾಂಕಿನಂಥ ಅನುಮತಿ ಇದ್ದವರ ಕೆಲಸ. ದುಡ್ಡು ಬಳಕೆದಾರರ ಹೆಸರಿನ ಆರ್‌ಡಿಗೇ (ತಿಂಗಳು ತಿಂಗಳು ಕಂತು ಕಟ್ಟುವ ರಿಕರಿಂಗ್ ಡೆಪಾಸಿಟ್) ಹೋಗಲಿ. ಅಂಚೆ ಕಚೇರಿಯ ಆರ್‌ಡಿ ತಿಂಗಳಿಗೆ 100 ರೂಪಾಯಿಯಿಂದ ಶುರುವಾಗುತ್ತದೆ, ಅವಧಿ 5 ವರ್ಷ. ಬ್ಯಾಂಕಿನಲ್ಲಿಟ್ಟರೆ ಒಬ್ಬರಿಗೆ ಒಂದು ಬ್ಯಾಂಕಿನಲ್ಲಿ 5 ಲಕ್ಷ ರೂಪಾಯಿವರೆಗೆ ಠೇವಣಿ ವಿಮೆ ಇರುತ್ತದೆ.

ಮೊದಲ ಆವೃತ್ತಿಯಲ್ಲಿ ಆ್ಯಪ್ ಸಂಬಳದ ದಿನ ನೆನಪಿಸಿದರೆ ಸಾಕು. ಮುಂದೆ ಯಾವುದಾದರೂ ಬ್ಯಾಂಕಿನ ಜೊತೆ ಒಪ್ಪಂದವಾದರೆ ಕಂತಿನ ಹಣ ತಾನಾಗಿಯೇ ಕಡಿತವಾಗುವ ಯುಪಿಐ ಆಟೋಪೇ ತರಬಹುದು. ಅದರಲ್ಲಿ ಹಣ ಕಡಿತವಾಗುವ 24 ಗಂಟೆ ಮೊದಲು ತಿಳಿಸಲೇಬೇಕು. ಆ ಸಂದೇಶದ ಕೆಳಗೆ ‘ಈ ಸಲ ಬೇಡ’ ಅನ್ನುವ ಬಟನ್ ದೊಡ್ಡದಾಗಿಯೇ ಇರಲಿ. ವ್ಯಾಪಾರವಿಲ್ಲದ ದಿನ ಅಪ್ಪ ‘ನಾಳೆ ಬನ್ನಿ’ ಅಂದರೆ ಪಿಗ್ಮಿಯವರು ಮುಖ ಸಿಂಡರಿಸದೆ ಹೋಗುತ್ತಿದ್ದರು. ನಾಳೆ ತಪ್ಪದೆ ಬರುತ್ತಿದ್ದರು ಕೂಡ.

4. ಪಾಠ ಬೇಡ, ಹೊತ್ತಿಗೆ ಸರಿಯಾಗಿ ಒಂದು ಮಾತು

ಹನ್ನೆರಡು ವಿಡಿಯೊಗಳ ‘ಹಣಕಾಸು ಸಾಕ್ಷರತೆ ಕೋರ್ಸ್’ ಹಾಕಬೇಡಿ. ನಾನಂತೂ ಅಂಥ ಒಂದನ್ನೂ ಪೂರ್ತಿ ನೋಡಿಲ್ಲ. ಕ್ರೆಡಿಟ್ ಕಾರ್ಡ್ ಬಿಲ್ಲಿನ ಗಡುವು ಹತ್ತಿರ ಬಂದಾಗ ಒಂದು ಚಿಕ್ಕ ಕಾರ್ಡ್ ತೋರಿಸಿ:

‘ಬಿಲ್ 20,000. ಮಿನಿಮಮ್ ಡ್ಯೂ (ಕಟ್ಟಲೇಬೇಕಾದ ಕನಿಷ್ಠ ಮೊತ್ತ) ಅಂತ 1,000 ಮಾತ್ರ ಕಟ್ಟಿದರೆ ಬಾಕಿ 19,000. ತಿಂಗಳಿಗೆ ಶೇ 3.5 ಬಡ್ಡಿಯಾದರೆ 665 ರೂಪಾಯಿ, ಅದರ ಮೇಲೆ ಶೇ 18 ಜಿಎಸ್‌ಟಿ ಸುಮಾರು 120. ಮುಂದಿನ ತಿಂಗಳು ಮತ್ತೆ 1,000 ಕಟ್ಟಿದರೆ ಸಾಲ ಕರಗುವುದು ಬರೀ 215 ರೂಪಾಯಿ.’

ನಿಜವಾದ ಬಿಲ್ಲಿನಲ್ಲಿ ಖರೀದಿ ಮಾಡಿದ ದಿನದಿಂದಲೇ ಬಡ್ಡಿ ಬೀಳುವುದರಿಂದ ಇನ್ನೂ ಜಾಸ್ತಿಯೇ ಆಗುತ್ತದೆ. ಕಾರ್ಡಿಲ್ಲದವರಿಗೆ ಈ ಪಾಠ ಕಾಣಿಸುವುದೇ ಬೇಡ.

5. ಅನುಮತಿ ಕೇಳುವಾಗ ಜಿಪುಣರಾಗಿ

ಸಾಲದ ಆ್ಯಪ್‌ಗಳು ಕಾಂಟ್ಯಾಕ್ಟ್ಸ್ ಕದ್ದು ನೆಂಟರಿಗೆಲ್ಲ ಫೋನ್ ಮಾಡಿ ಮಾನ ಕಳೆದ ಕಥೆಗಳನ್ನು ಕೇಳದವರಿಲ್ಲ. ಆದ್ದರಿಂದ ಕಾಂಟ್ಯಾಕ್ಟ್ಸ್, ಫೋಟೊ, ಲೊಕೇಶನ್ ಯಾವುದನ್ನೂ ಕೇಳಬೇಡಿ. ಎಸ್ಸೆಮ್ಮೆಸ್ ಓದುವ ಅನುಮತಿಗೆ ಪ್ಲೇ ಸ್ಟೋರಿನಲ್ಲೂ ಬಿಗಿ ನಿಯಮಗಳಿವೆ. ಶುರುವಿನಲ್ಲಿ ಖರ್ಚನ್ನು ಅವರೇ ಬರೆದುಕೊಳ್ಳಲಿ. ‘ಟೀ 15’ ಅಂತ ಟೈಪ್ ಮಾಡಿದರೆ ಮುಗಿಯಬೇಕು. ಬ್ಯಾಂಕಿನ ಮಾಹಿತಿ ಬೇಕೇಬೇಕು ಅನ್ನಿಸಿದಾಗ ರಿಸರ್ವ್ ಬ್ಯಾಂಕಿನ ಪರವಾನಗಿ ಇರುವ, ಖಾತೆಯ ಮಾಹಿತಿಯನ್ನು ತಲುಪಿಸಿಕೊಡುವ ಅಕೌಂಟ್ ಅಗ್ರಿಗೇಟರ್ ಸಂಸ್ಥೆಗಳ ಮೂಲಕ, ಬಳಕೆದಾರರ ಒಪ್ಪಿಗೆ ಪಡೆದು ಹೋಗುವ ದಾರಿ ಇದೆ.

6. ಕನ್ನಡವನ್ನು ಕೊನೆಗೆ ಅಂಟಿಸಬೇಡಿ

ಇಂಗ್ಲಿಷಿನಲ್ಲಿ ಪರದೆ ಮಾಡಿ ಆಮೇಲೆ ಅನುವಾದಿಸಿದರೆ ಬಟನ್ನಿನಿಂದ ಅಕ್ಷರ ಆಚೆ ಬರುತ್ತವೆ. ಸಾಲಿನ ಎತ್ತರ ಸಾಲದೆ ‘ಕಟ್ಟಿದ್ದೀರಿ’ ಪದದ ಒತ್ತುಗಳು ಕತ್ತರಿಸಿಹೋಗಿದ್ದನ್ನು ನೋಡಿ ನಾನೇ ತಲೆ ಚಚ್ಚಿಕೊಂಡಿದ್ದೇನೆ. ಪದಗಳೂ ಅಷ್ಟೇ. ‘ವೆಚ್ಚ ವರ್ಗೀಕರಣ’ ಯಾರಿಗೆ ಬೇಕು? ‘ಎಲ್ಲಿಗೆ ಹೋಯ್ತು’ ಅನ್ನಿ.

7. ಪೇಪರ್ ಮೇಲೆ ಆಡಿಸಿ, ಆಮೇಲೆ ಕೋಡ್

ಪ್ರತಿ ಪರದೆಯನ್ನೂ ಒಂದೊಂದು ಹಾಳೆಯಲ್ಲಿ ಪೆನ್ಸಿಲ್ಲಿನಿಂದ ಬರೆದು ಐದು ಜನರ ಕೈಗೆ ಕೊಡಿ. ಬಟನ್ ಎಲ್ಲಿದೆ ಅಂತ ಬೆರಳು ಹುಡುಕುವಾಗ ನೀವು ಬಾಯಿ ಬಿಡಬಾರದು. ಎಡವಿದ ಜಾಗವನ್ನು ಬರೆದಿಟ್ಟುಕೊಂಡು ತಿದ್ದಿ, ಮತ್ತೆ ಕೊಡಿ. ಆ್ಯಪ್ ಹೊರಬಂದ ಮೇಲೆ ಎಷ್ಟು ಜನ ಡೌನ್‌ಲೋಡ್ ಮಾಡಿದರು ಅಂತ ನೋಡುತ್ತಾ ಕೂರಬೇಡಿ. ಮೂರು ಸಂಬಳ ಕಳೆದ ಮೇಲೆ ಆ ಮೊದಲ ಎಂಟು ಜನರಿಗೆ ಫೋನ್ ಮಾಡಿ, ಆರ್‌ಡಿಯ ಮೂರನೇ ಕಂತು ಕಟ್ಟಿದ್ದಾರಾ ಕೇಳಿ.