ಬೆಲ್ಟ್ ಕಿರುಚುತ್ತಿದೆಯೇ? ಮೊದಲು ಟೆನ್ಷನರ್ ನೋಡಿ

ಬೆಳಿಗ್ಗೆ ಕಾರು ಸ್ಟಾರ್ಟ್ ಮಾಡಿದ ತಕ್ಷಣ ಬಾನೆಟ್ ಒಳಗಿಂದ ‘ಕೀಂಯ್’ ಎನ್ನುವ ಸದ್ದು. ಎರಡು ನಿಮಿಷಕ್ಕೆ ತಾನಾಗಿಯೇ ನಿಲ್ಲುತ್ತದೆ. ಬೆಲ್ಟ್ ಹಳೆಯದಾಗಿರಬೇಕು ಅಂತ ಹೊಸದು ಹಾಕುತ್ತೇವೆ. ಸ್ವಲ್ಪ ದಿನ ಕಳೆದರೆ ಮತ್ತೆ ಅದೇ ರಾಗ. ನಾನೂ ಹೀಗೆ ಎರಡು ಬೆಲ್ಟ್ ಸುಮ್ನೆ ದಂಡ ಮಾಡಿದ ಮೇಲೆಯೇ ಟೆನ್ಷನರ್ ಕಡೆ ತಿರುಗಿ ನೋಡಿದ್ದು.

ಎಂಜಿನ್ ಪಕ್ಕದಲ್ಲಿ ಪುಲ್ಲಿಗಳನ್ನೆಲ್ಲ ಬಳಸಿ ಓಡುವ ಉದ್ದನೆಯ ಚಪ್ಪಟೆ ಬೆಲ್ಟೇ ಡ್ರೈವ್ ಬೆಲ್ಟ್. ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್, ಎಸಿ ಕಂಪ್ರೆಸರ್, ಎಷ್ಟೋ ಕಾರುಗಳಲ್ಲಿ ವಾಟರ್ ಪಂಪ್ ಕೂಡ ತಿರುಗುವುದು ಇದರಿಂದ. ಅದು ಸಡಿಲವಾಗದಂತೆ ಒತ್ತಿ ಹಿಡಿಯುವುದು ಟೆನ್ಷನರ್. ಗಟ್ಟಿ ಸ್ಪ್ರಿಂಗ್, ಒಂದು ತೋಳು, ತೋಳಿನ ತುದಿಗೊಂದು ಪುಲ್ಲಿ. ತೋಳು ಕುಣಿಯದಂತೆ ತಡೆಯುವ ಡ್ಯಾಂಪರ್ ಒಳಗಿರುತ್ತದೆ. ವರ್ಷಗಳು ಕಳೆದಂತೆ ಸ್ಪ್ರಿಂಗ್ ಸೋಲುತ್ತದೆ, ಡ್ಯಾಂಪರ್ ಸವೆಯುತ್ತದೆ, ಬೇರಿಂಗಿನ ಗ್ರೀಸ್ ಒಣಗುತ್ತದೆ. ಹೊಸ ಬೆಲ್ಟ್ ಹಾಕಿದರೂ ಜಾರದೆ ಇನ್ನೇನು ಮಾಡೀತು?

ಒಂದು ಮಾತು. ಎಂಜಿನ್ನಿನ ವಾಲ್ವುಗಳನ್ನು ಸರಿಯಾದ ಹೊತ್ತಿಗೆ ತೆರೆಸುವ ಟೈಮಿಂಗ್ ಬೆಲ್ಟಿಗೂ ಟೆನ್ಷನರ್ ಇರುತ್ತದೆ. ಅದು ಕವರ್ ಒಳಗೆ ಇರುವ ಬೇರೆ ಭಾಗ, ಅದರ ಕೆಲಸವೇ ಬೇರೆ. ಅಲ್ಲಿ ಒಂದು ಹಲ್ಲು ತಪ್ಪಿದರೂ ಎಂಜಿನ್ ಹಾಳಾಗಬಹುದು. ಇಲ್ಲಿ ಹೇಳುತ್ತಿರುವುದು ಹೊರಗೆ ಕಾಣುವ ಬೆಲ್ಟಿನ ಬಗ್ಗೆ ಮಾತ್ರ. ಇನ್ನು ಕೆಲವು ಕಾರುಗಳಲ್ಲಿ ಟೆನ್ಷನರ್ ಇಲ್ಲದ, ಎಳೆದರೆ ಹಿಗ್ಗುವ ಬೆಲ್ಟ್ ಇರುತ್ತದೆ. ಅದನ್ನು ಹಾಕುವ ಕ್ರಮ ಬೇರೆ.

ತಪ್ಪು ಯಾರದು?

ಎಂಜಿನ್ ಓಡುತ್ತಿರುವಾಗ ಕೈ, ತಲೆಗೂದಲು, ಸಡಿಲ ಬಟ್ಟೆ ಎಲ್ಲವನ್ನೂ ದೂರ ಇಟ್ಟುಕೊಂಡು ಟೆನ್ಷನರ್ ತೋಳನ್ನು ಗಮನಿಸಿ. ಅದು ಹೆಚ್ಚುಕಮ್ಮಿ ಸ್ಥಿರವಾಗಿರಬೇಕು. ಗಡಗಡ ಅಲುಗುತ್ತಿದ್ದರೆ ಡ್ಯಾಂಪರ್ ಕತೆ ಮುಗಿದಿದೆ. ಆಲ್ಟರ್ನೇಟರಿನ ಪುಲ್ಲಿ ಕೆಟ್ಟರೂ ತೋಳು ಹೀಗೇ ಕುಣಿಯುತ್ತದೆ, ಅದನ್ನೂ ನೋಡಿಸಿ. ಎಷ್ಟೋ ಟೆನ್ಷನರುಗಳ ಮೈಮೇಲೆ ಒಂದು ಗುರುತು ಇರುತ್ತದೆ. ಎಂಜಿನ್ ನಿಂತಾಗ ಅದು ಎರಡು ಗೆರೆಗಳ ನಡುವೆ ಇದೆಯೇ ನೋಡಿ.

ಸದ್ದಿನ ಮೂಲ ಹಿಡಿಯಲು ಹಳೆಯ ಉಪಾಯವೊಂದಿದೆ. ಓಡುತ್ತಿರುವ ಬೆಲ್ಟಿನ ಗೀರುಗಳಿರುವ ಬದಿಗೆ ದೂರದಿಂದ ಸ್ವಲ್ಪ ನೀರು ಸಿಂಪಡಿಸಿ. ಸದ್ದು ಜಾಸ್ತಿಯಾದರೆ ಬೆಲ್ಟ್ ಜಾರುತ್ತಿದೆ, ಅಂದರೆ ಬಿಗಿ ಸಾಲದು. ಸದ್ದು ಹೋಗಿ ಆಮೇಲೆ ಮತ್ತೆ ಬಂದರೆ ಯಾವುದೋ ಪುಲ್ಲಿ ಸಾಲು ತಪ್ಪಿದೆ. ಬೆಲ್ಟಿಗೆ ಸ್ಪ್ರೇ ಹೊಡೆದು ಸದ್ದು ಮುಚ್ಚುವ ಕೆಲಸ ಮಾತ್ರ ಬೇಡ. ರೋಗ ಹಾಗೇ ಉಳಿಯುತ್ತದೆ.

ಬಿರುಕಿಲ್ಲ ಅಂತ ಬೆಲ್ಟನ್ನು ನಂಬುವ ಹಾಗೂ ಇಲ್ಲ. ಈಗಿನ ಬೆಲ್ಟುಗಳ ಇಪಿಡಿಎಂ ಎನ್ನುವ ಕೃತಕ ರಬ್ಬರ್ ಬೇಗ ಬಿರಿಯುವುದಿಲ್ಲ, ಟೈರಿನಂತೆ ಸದ್ದಿಲ್ಲದೆ ಸವೆಯುತ್ತದೆ.

ಬದಲಾಯಿಸುವುದು

ಎಂಜಿನ್ ಪೂರ್ತಿ ತಣ್ಣಗಾಗಲಿ. ಬ್ಯಾಟರಿಯ ನೆಗೆಟಿವ್ ತಂತಿ ಕಳಚಿ. ಆಮೇಲೆ, ದಯವಿಟ್ಟು, ಬೆಲ್ಟ್ ಓಡುವ ದಾರಿಯ ಫೋಟೊ ತೆಗೆದುಕೊಳ್ಳಿ. ಮೊದಲ ಸಲ ‘ನೆನಪಿರುತ್ತೆ ಬಿಡು’ ಅಂದುಕೊಂಡು ನಾನು ಬಿಚ್ಚಿದೆ. ಆ ಬೆಲ್ಟನ್ನು ಆರು ಥರ ಸುತ್ತಿ ನೋಡಿದ್ದೆ.

ಟೆನ್ಷನರಿನಲ್ಲಿ ಚೌಕ ತೂತೋ ಬೋಲ್ಟ್ ತಲೆಯೋ ಇರುತ್ತದೆ. ಅದಕ್ಕೆ ಉದ್ದ ಹಿಡಿಯ ಸಲಕರಣೆ ಹಾಕಿ, ಬೆಲ್ಟ್ ಸಡಿಲವಾಗುವ ಕಡೆಗೆ ನಿಧಾನವಾಗಿ ತಿರುಗಿಸಿ. ಸ್ಪ್ರಿಂಗ್ ಬಲ ಜೋರು, ಹಿಡಿ ಜಾರಿದರೆ ಬೆರಳಿಗೆ ಬೀಳುತ್ತದೆ. ಇನ್ನೊಂದು ಕೈಯಿಂದ ನುಣುಪಾದ ಪುಲ್ಲಿಯೊಂದರಿಂದ ಬೆಲ್ಟ್ ಸರಿಸಿ, ತೋಳನ್ನು ಮೆಲ್ಲಗೆ ಬಿಡಿ.

ಬೆಲ್ಟ್ ಇಲ್ಲದಿರುವಾಗ ಉಳಿದ ಪುಲ್ಲಿಗಳನ್ನೂ ಕೈಯಿಂದ ತಿರುಗಿಸಿ ನೋಡಿ. ಗರಗರ ಎಂದರೆ, ಆಚೀಚೆ ಅಲ್ಲಾಡಿದರೆ ಅದನ್ನೂ ಈಗಲೇ ಬದಲಾಯಿಸಿ. ಬೆಲ್ಟಿಗೆ ದಾರಿ ತೋರಿಸಲಷ್ಟೇ ಇರುವ ಐಡ್ಲರ್ ಪುಲ್ಲಿಯ ಬೋಲ್ಟ್ ಕೆಲವು ಎಂಜಿನ್‌ಗಳಲ್ಲಿ ಎಡಮರೆ, ಅಂದರೆ ಉಲ್ಟಾ ತಿರುಗುತ್ತದೆ. ಬರದಿದ್ದರೆ ಬಲ ಹಾಕಬೇಡಿ, ಕೈಪಿಡಿ ನೋಡಿ. ಎಣ್ಣೆಯೋ ಕೂಲಂಟೋ ಸೋರಿದ ಗುರುತಿದ್ದರೆ ಮೊದಲು ಅದನ್ನು ಸರಿಪಡಿಸಿ. ಇಲ್ಲದಿದ್ದರೆ ಹೊಸ ಬೆಲ್ಟೂ ಕೆಡುತ್ತದೆ.

ಹಳೆ ಟೆನ್ಷನರಿನ ಬೋಲ್ಟ್ ಬಿಚ್ಚಿ, ಹೊಸದನ್ನು ಪಕ್ಕದಲ್ಲಿಟ್ಟು ಹೋಲಿಸಿ. ಹಿಂಬದಿಯಲ್ಲಿ ಪುಟ್ಟ ಪಿನ್ ಇದ್ದರೆ ಅದು ಎಂಜಿನ್ ಮೇಲಿನ ತೂತಿನಲ್ಲಿ ಸರಿಯಾಗಿ ಕೂರಬೇಕು. ಬೋಲ್ಟನ್ನು ಬಿಗಿಯನ್ನು ಅಳೆದು ತೋರಿಸುವ ಟಾರ್ಕ್ ರೆಂಚಿನಿಂದ, ಕೈಪಿಡಿ ಹೇಳಿದಷ್ಟೇ ಬಿಗಿ ಮಾಡಿ.

ಬೆಲ್ಟ್ ಕೊಳ್ಳುವಾಗ ಅದರ ಮೇಲಿನ ಸಂಖ್ಯೆ ನೋಡಿ. 6ಪಿಕೆ1200 ಎಂದಿದ್ದರೆ 6 ಏಣುಗಳು (ಬೆಲ್ಟಿನ ಉದ್ದಕ್ಕೂ ಓಡುವ ಉಬ್ಬುಗೆರೆಗಳು), 1200 ಮಿಲಿಮೀಟರ್ ಉದ್ದ. ಫೋಟೊ ನೋಡಿಕೊಂಡು ಸುತ್ತಿ, ತೋಳು ತಿರುಗಿಸಿ ಕೊನೆಯ ಪುಲ್ಲಿಗೆ ಹಾಕಿ. ಪ್ರತಿ ಏಣು ಪುಲ್ಲಿಯ ಗೀರಿನಲ್ಲಿ ಕೂತಿದೆಯೇ ಎಂದು ಬೆರಳಾಡಿಸಿ ನೋಡಿ. ಒಂದು ಏಣು ಹೊರಗಿದ್ದರೂ ಬೆಲ್ಟ್ ಸ್ವಲ್ಪ ಹೊತ್ತಿನಲ್ಲಿ ಹರಿಯುತ್ತದೆ.

ಬೆಲ್ಟನ್ನು ಓಡಿಸುವ ಕ್ರ್ಯಾಂಕ್ ಪುಲ್ಲಿಯನ್ನು ಸಾಕೆಟ್ ಹಾಕಿ, ಎಂಜಿನ್ ಓಡುವ ದಿಕ್ಕಿನಲ್ಲೇ ಕೈಯಿಂದ ಎರಡು ಸುತ್ತು ತಿರುಗಿಸಿ. ಸಲಕರಣೆ ಯಾವುದೂ ಒಳಗೆ ಉಳಿದಿಲ್ಲ ತಾನೇ? ಬ್ಯಾಟರಿ ಜೋಡಿಸಿ ಸ್ಟಾರ್ಟ್ ಮಾಡಿ. ಎಸಿ, ಹೆಡ್‌ಲೈಟ್ ಎರಡೂ ಹಾಕಿ ತೋಳನ್ನು ಮತ್ತೆ ಗಮನಿಸಿ. ಒಂದು ವಾರ ಓಡಿಸಿದ ಮೇಲೆ ಬಾನೆಟ್ ತೆರೆಯಿರಿ. ಪುಲ್ಲಿಗಳ ಸುತ್ತ ಕಪ್ಪು ರಬ್ಬರ್ ಪುಡಿ ಉದುರಿದ್ದರೆ ಯಾವುದೋ ಪುಲ್ಲಿ ಇನ್ನೂ ಸಾಲಿಗೆ ಬಂದಿಲ್ಲ.