ವಾಂತಿ-ಭೇದಿ ಬಂದ ಊರಲ್ಲಿ ನಾನು ಕಾರಣ ಹುಡುಕುವ ಬಗೆ

ಊರಲ್ಲಿ ವಾಂತಿ-ಭೇದಿ ಶುರುವಾದರೆ ಸಾಮಾನ್ಯವಾಗಿ ಎಲ್ಲರೂ ಮೊದಲು ಓಡುವುದು ಓವರ್‌ಹೆಡ್ ಟ್ಯಾಂಕ್ ಹತ್ತಿರ. ತೊಳೆದು, ಬ್ಲೀಚಿಂಗ್ ಪೌಡರ್ ಹಾಕಿ ಇಳಿಯುತ್ತಾರೆ. ಆರೋಗ್ಯ ನಿರೀಕ್ಷಣಾಧಿಕಾರಿಯಾಗಿ ನಾನು ಟ್ಯಾಂಕ್ ನೋಡುವುದು ಆಮೇಲೆ. ಮೊದಲು ಆಶಾ ಕಾರ್ಯಕರ್ತೆಯ ಜೊತೆ ಮನೆಮನೆ ಸುತ್ತುತ್ತೇನೆ. ಯಾರಿಗೆ ಯಾವಾಗ ಶುರುವಾಯಿತು, ಯಾವ ನಲ್ಲಿಯ ನೀರು ಕುಡಿದರು, ಹೊರಗೆ ಊಟಕ್ಕೆ ಹೋಗಿದ್ದರಾ ಅಂತ ಕೇಳಿ ನಕ್ಷೆಯಲ್ಲಿ ಗುರುತು ಹಾಕುತ್ತೇನೆ. 1854ರಲ್ಲಿ ಲಂಡನ್ನಿನ ಡಾಕ್ಟರ್ ಜಾನ್ ಸ್ನೋ ಕಾಲರಾದಿಂದ ಸತ್ತವರ ಮನೆಗಳನ್ನು ಹುಡುಕಿಕೊಂಡು ಹೋಗಿ ಬ್ರಾಡ್ ಸ್ಟ್ರೀಟಿನ ಪಂಪನ್ನು ಪತ್ತೆ ಹಚ್ಚಿದ್ದರು. ಆ ದಾರಿ ಇವತ್ತಿಗೂ ಕೆಲಸಕ್ಕೆ ಬರುತ್ತದೆ.

ಒಂದು ಊರಲ್ಲಿ ಗುರುತುಗಳೆಲ್ಲ ಒಂದೇ ಬೀದಿಯ ತುದಿಯಲ್ಲಿ ಬಿದ್ದವು. ಇಡೀ ಊರಿಗೆ ಇದ್ದದ್ದು ಒಂದೇ ಟ್ಯಾಂಕ್. ಅದು ಕೆಟ್ಟಿದ್ದರೆ ಬೇರೆ ಬೀದಿಯವರೂ ಮಲಗಬೇಕಿತ್ತು, ಅಲ್ವಾ? ನೀರಿನಲ್ಲಿ ಕ್ಲೋರಿನ್ ಉಳಿದಿದ್ದರೆ ಬಣ್ಣದಿಂದ ತೋರಿಸುವ ಕ್ಲೋರೋಸ್ಕೋಪಿನಲ್ಲಿ ಟ್ಯಾಂಕ್ ಪಕ್ಕದ ನಲ್ಲಿಯ ನೀರು ಹಳದಿಯಾಯಿತು. ಬೀದಿಯ ಕೊನೆಯ ನಲ್ಲಿಯ ನೀರಿಗೆ ಬಣ್ಣವೇ ಬರಲಿಲ್ಲ. ಅಲ್ಲೂ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು. ಅದೇ ನೀರನ್ನು ಎಚ್‌ಟುಎಸ್ ಬಾಟಲಿಗೆ ತುಂಬಿಟ್ಟೆ; ನೀರಿಗೆ ಮಲದ ಕೊಳಕು ಸೇರಿದ್ದರೆ ಅದು ಕಪ್ಪಾಗುತ್ತದೆ. ಮರುದಿನ ಕಪ್ಪಾಗಿತ್ತು.

ನೀರುಗಂಟಿಯವರ ಜೊತೆ ಪೈಪ್‌ಲೈನ್ ಹಿಡಿದು ನಡೆದೆ. ವಾಲ್ವ್ ಗುಂಡಿಯಲ್ಲಿ ಕೊಳಚೆ ನಿಂತಿತ್ತು. ಮುಂದೆ ಪೈಪು ಚರಂಡಿಯೊಳಗೇ ಹಾದುಹೋಗಿತ್ತು, ಜಾಯಿಂಟ್ ಸಡಿಲವಾಗಿತ್ತು.

"ಸಾರ್, ನೀರು ಬಿಟ್ಟಾಗ ಇಲ್ಲಿ ಹೊರಗೆ ಚಿಮ್ಮುತ್ತೆ. ಕೊಳಚೆ ಒಳಗೆ ಹೆಂಗೆ ಹೋಗುತ್ತೆ?" ಎಂದು ಅವರು ಕೇಳಿದರು.

ಒಳ್ಳೆಯ ಪ್ರಶ್ನೆ. ನೀರು ಬಿಟ್ಟಿರುವಷ್ಟು ಹೊತ್ತು ಒತ್ತಡ ಹೊರಕ್ಕೆ ತಳ್ಳುತ್ತದೆ, ನಿಜ. ವಾಲ್ವ್ ಮುಚ್ಚಿದ ಮೇಲೆ ಪೈಪು ಖಾಲಿಯಾಗುತ್ತಾ ಹೊರಗಿನದನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಯಾರಾದರೂ ನಲ್ಲಿಗೆ ಮೋಟಾರ್ ಹಚ್ಚಿದರೆ ಇನ್ನೂ ಜಾಸ್ತಿ. ಮುಂದಿನ ಸಲ ನೀರು ಬಿಟ್ಟಾಗ ಆ ಕೊಳಚೆ ಮೊದಲ ಬಿಂದಿಗೆಗೇ ಬೀಳುತ್ತದೆ. ದಿನಕ್ಕೆ ಒಂದೆರಡು ಗಂಟೆ ಮಾತ್ರ ನೀರು ಬರುವ ಊರುಗಳಲ್ಲಿ ನಾನು ಮತ್ತೆ ಮತ್ತೆ ಕಂಡ ಕಾರಣ ಇದು. ಚರಂಡಿ ತುಂಬಿ ಹರಿಯುವ ಮಳೆಗಾಲದಲ್ಲಂತೂ ನನಗೆ ಇದರದ್ದೇ ಭಯ.

ಆ ಬೀದಿಯ ವಾಲ್ವ್ ಮುಚ್ಚಿಸಿ, ಟ್ಯಾಂಕರ್ ತರಿಸಿದೆವು. ಪೈಪನ್ನು ಚರಂಡಿಯಿಂದ ಮೇಲೆತ್ತಿ ಹೊಸ ಜಾಯಿಂಟ್ ಹಾಕಿದರು. ಕ್ಲೋರಿನ್ ಜಾಸ್ತಿ ಹಾಕಿದ ನೀರನ್ನು ಪೈಪಿನಲ್ಲಿ ನಿಲ್ಲಿಸಿ, ಆಮೇಲೆ ಹರಿಸಿ ಚೆಲ್ಲಿದೆವು. ಬ್ಲೀಚಿಂಗ್ ಪೌಡರನ್ನೂ ನೋಡಿದೆ. ಹೊಸದರಲ್ಲಿ ಸುಮಾರು 33% ಕ್ಲೋರಿನ್ ಇರುತ್ತದೆ, ಚೀಲ ಬಿಚ್ಚಿಟ್ಟರೆ ಅದು ಹಾರಿಹೋಗುತ್ತದೆ. ಮುಚ್ಚಳವಿರುವ ಡ್ರಮ್ ಕೊಡಿಸಿ ಎಂದು ಪಿಡಿಒಗೆ ಹೇಳಿದೆ. ಇನ್ನು ಮೇಲೆ ಕ್ಲೋರಿನ್ ಪರೀಕ್ಷೆಯನ್ನು ಪ್ರತಿ ಬೀದಿಯ ಕೊನೆಯ ನಲ್ಲಿಯಲ್ಲೇ ಮಾಡಬೇಕು ಎಂದು ಪಂಚಾಯಿತಿಗೆ ಬರೆದುಕೊಟ್ಟೆ.