ಥ್ರೆಡ್‌ಗಳ ಜಟಾಪಟಿ: ಸಿಂಕ್ ದೋಷ ಹಿಡಿಯುವುದು ಹೇಗೆ?

ಒಂದೇ ಪ್ರೋಗ್ರಾಂನೊಳಗೆ ಒಟ್ಟೊಟ್ಟಿಗೆ ಓಡುವ ಕೆಲಸಗಳೇ ಥ್ರೆಡ್‌ಗಳು, ಅವುಗಳ ನಡುವಿನ ಹೊಂದಾಣಿಕೆ ತಪ್ಪಿದರೆ ಅದೇ ಸಿಂಕ್ ದೋಷ. ಅಂಥ ಪ್ರೋಗ್ರಾಂ ಸಾವಿರ ಸಲ ಸರಿಯಾಗಿ ಓಡಿ, ಮುಂದಿನ ಸಲ ತಪ್ಪು ಲೆಕ್ಕ ಕೊಡುತ್ತದೆ. ಆಗ ಅನುಮಾನ ಬಂದ ಸಾಲಿನ ಮುಂದೆ ಒಂದು ಸ್ಲೀಪ್ (ಥ್ರೆಡ್ಡನ್ನು ಸ್ವಲ್ಪ ಹೊತ್ತು ನಿಲ್ಲಿಸುವ ಆದೇಶ) ತುರುಕಿ ‘ಸರಿಹೋಯ್ತು’ ಅನ್ನುವವರೇ ಜಾಸ್ತಿ. ಸರಿಹೋಗಿರುವುದಿಲ್ಲ, ಅಡಗಿರುತ್ತದೆ ಅಷ್ಟೇ.

1. ಪ್ರೋಗ್ರಾಂ ನಿಂತೇ ಹೋಗಿದೆಯೋ, ತಪ್ಪು ಉತ್ತರ ಕೊಡುತ್ತಿದೆಯೋ ನೋಡಿ. ನಿಂತಿದ್ದರೆ ನಿಮ್ಮ ಅದೃಷ್ಟ. ದೋಷ ಹುಡುಕುವ ಸಾಧನ ಜಿಡಿಬಿಯಲ್ಲಿ ‘ಥ್ರೆಡ್ ಅಪ್ಲೈ ಆಲ್ ಬಿಟಿ’ ಕೊಟ್ಟರೆ ಯಾವ ಥ್ರೆಡ್ ಯಾವ ಲಾಕ್‌ಗೆ (ಒಂದು ಸಲಕ್ಕೆ ಒಂದೇ ಥ್ರೆಡ್ ಹಿಡಿಯಬಹುದಾದ ಬೀಗ) ಕಾಯುತ್ತಿದೆ ಅಂತ ಕಾಣುತ್ತದೆ. ಎಲ್ಲ ಥ್ರೆಡ್‌ಗಳೂ ಲಾಕ್‌ಗಳನ್ನು ಒಂದೇ ಕ್ರಮದಲ್ಲಿ ಹಿಡಿಯುವಂತೆ ಮಾಡಿ, ಆಗ ಒಂದಕ್ಕೊಂದು ಕಾದು ನಿಲ್ಲುವುದಿಲ್ಲ.

2. ತಪ್ಪು ಉತ್ತರವಾದರೆ, ದೋಷ ಮತ್ತೆ ಮತ್ತೆ ಬರುವಂತೆ ಮಾಡಿ. ಪ್ರೊಸೆಸರ್‌ನ ಕೋರ್‌ಗಳಿಗಿಂತ ಜಾಸ್ತಿ ಥ್ರೆಡ್ ಹಾಕಿ ಓಡಿಸಿ. ಸ್ಲೀಪ್‌ಗೆ ಜಾಗ ಇರುವುದು ಇಲ್ಲಿ ಮಾತ್ರ: ಓದುವುದಕ್ಕೂ ಬರೆಯುವುದಕ್ಕೂ ನಡುವೆ ಇಟ್ಟರೆ ಇನ್ನೊಂದು ಥ್ರೆಡ್ ನುಗ್ಗಲು ಸಮಯ ಸಿಗುತ್ತದೆ. ನಡುನಡುವೆ ಪರದೆಗೆ ಬರೆಸುವ ಪ್ರಿಂಟ್‌ಎಫ್ ಬೇಡವೇ ಬೇಡ. ಅದು ಒಳಗೇ ಲಾಕ್ ಹಿಡಿಯುತ್ತದೆ, ದೋಷ ಮಾಯವಾಗಬಹುದು. ಪ್ರತಿ ಥ್ರೆಡ್ ಏನಾಯಿತೆಂದು ತನ್ನದೇ ಬಫರ್‌ನಲ್ಲಿ (ಮೆಮೊರಿಯ ಒಂದು ತುಂಡು) ಬರೆದುಕೊಳ್ಳಲಿ.

3. ಈಗ ಥ್ರೆಡ್ ಸ್ಯಾನಿಟೈಸರ್, ಅಂದರೆ ಓಡುವಾಗಲೇ ಥ್ರೆಡ್‌ಗಳ ಜಟಾಪಟಿ ಹಿಡಿಯುವ ಸಾಧನ. ಜನ ಎಡವುವುದು ಇಲ್ಲೇ. ಜಿಸಿಸಿ, ಕ್ಲ್ಯಾಂಗ್ ಎರಡೂ ಕಂಪೈಲರ್‌ಗಳಲ್ಲಿ ಇದೆ. ಅದನ್ನು ಆನ್ ಮಾಡುವ ಫ್ಲ್ಯಾಗನ್ನು ಕಂಪೈಲ್‌ಗೂ ಲಿಂಕ್‌ಗೂ ಕೊಡಬೇಕು. ಪ್ರೋಗ್ರಾಂ 5ರಿಂದ 15 ಪಟ್ಟು ನಿಧಾನವಾಗುತ್ತದೆ, ಮೆಮೊರಿಯೂ 5ರಿಂದ 10 ಪಟ್ಟು ಬೇಕು. ಅದು ಹಿಡಿಯುವುದು ನಿಜವಾಗಿ ಓಡಿದ ಕೋಡನ್ನು ಮಾತ್ರ. ಹಾಗಾಗಿ ವರದಿ ಬಂದಿಲ್ಲ ಅಂದರೆ ದೋಷ ಇಲ್ಲ ಅಂತಲ್ಲ.

ವರದಿಯಲ್ಲಿ ಮುಖ್ಯವಾಗಿ ಎರಡು ಸ್ಟ್ಯಾಕ್ ಇರುತ್ತವೆ, ಅಂದರೆ ಜಗಳಕ್ಕೆ ಬಿದ್ದ ಎರಡು ಥ್ರೆಡ್‌ಗಳು ಯಾವ ಫಂಕ್ಷನ್‌ಗಳ ಮೂಲಕ ಅಲ್ಲಿಗೆ ಬಂದವು ಎಂಬ ಪಟ್ಟಿ. ಮೇಲಿನದನ್ನಷ್ಟೇ ನೋಡಿ ಅಲ್ಲೊಂದು ಲಾಕ್ ಹಾಕಿ ಕೈತೊಳೆದುಕೊಳ್ಳಬೇಡಿ. ಲಾಕ್ ಕಾಯುವುದು ಡೇಟಾವನ್ನು, ಸಾಲನ್ನಲ್ಲ. ಆ ಡೇಟಾ ಮುಟ್ಟುವ ಎಲ್ಲ ಜಾಗವೂ ಅದೇ ಲಾಕ್ ಹಿಡಿಯಬೇಕು. ಎರಡೂ ಥ್ರೆಡ್ ಹಿಡಿದಿದ್ದ ಲಾಕ್‌ಗಳ ಗುರುತು ವರದಿಯಲ್ಲೇ ಇರುತ್ತದೆ, ಹೋಲಿಸಿ. ಕೆಲವೊಮ್ಮೆ ಇಬ್ಬರೂ ಲಾಕ್ ಹಿಡಿದಿರುತ್ತಾರೆ, ಆದರೆ ಬೇರೆ ಬೇರೆ ಲಾಕ್! ‘ಬರೀ ಕೌಂಟರ್ ತಾನೇ’ ಅಂತ ಎಚ್ಚರಿಕೆ ಮುಚ್ಚಿಸಲೂ ಬೇಡಿ. ಒಂದು ಕೂಡಿಸುವುದೆಂದರೆ ಓದು, ಕೂಡಿಸು, ಬರೆ ಎಂಬ ಮೂರು ಕೆಲಸ. ನಡುವೆ ಇನ್ನೊಬ್ಬರು ಬಂದರೆ ಒಂದು ಎಣಿಕೆ ಕಳೆದುಹೋಯಿತು.

4. ತಿದ್ದುವಾಗ ವೇರಿಯಬಲ್‌ಗೆ ಅಂಟಿಸುವ ವೊಲಟೈಲ್ ಪದವನ್ನು ನಂಬಬೇಡಿ. ಸಿ, ಸಿ++ನಲ್ಲಿ ಅದು ಸಿಂಕ್ರೊನೈಸೇಶನ್ (ಥ್ರೆಡ್‌ಗಳನ್ನು ಹೊಂದಿಸುವ ಏರ್ಪಾಡು) ಅಲ್ಲ. ಎಕ್ಸ್86 ಪ್ರೊಸೆಸರ್‌ನಲ್ಲಿ ನಡೆದ ಕೋಡ್ ಆರ್ಮ್ ಪ್ರೊಸೆಸರ್‌ನಲ್ಲಿ ಮುರಿಯಬಹುದು, ಯಾಕಂದರೆ ಆರ್ಮ್ ಓದು-ಬರಹಗಳ ಕ್ರಮವನ್ನು ಇನ್ನಷ್ಟು ಧಾರಾಳವಾಗಿ ಬದಲಿಸುತ್ತದೆ. ನನ್ನನ್ನು ಕೇಳಿದರೆ ಮೊದಲು ಮ್ಯೂಟೆಕ್ಸ್ (ಮೇಲೆ ಹೇಳಿದ ಲಾಕೇ), ಆಮೇಲೆ ಅಟಾಮಿಕ್ (ನಡುವೆ ಯಾರೂ ನುಗ್ಗಲಾಗದ ಓದು-ಬರಹ). ಅದೂ ಡೀಫಾಲ್ಟ್ ಕ್ರಮದಲ್ಲೇ. ವೇಗ ಬೇಕೆಂದು ಕ್ರಮ ಸಡಿಲಿಸುವ ರಿಲ್ಯಾಕ್ಸ್ಡ್ ಹಾಕುವ ಆಸೆಯನ್ನು ವೇಗ ಅಳೆದು ನೋಡುವವರೆಗೆ ತಡೆದುಕೊಳ್ಳಿ. ಷರತ್ತು ಈಡೇರುವವರೆಗೆ ಥ್ರೆಡ್ಡನ್ನು ಮಲಗಿಸುವ ಕಂಡಿಷನ್ ವೇರಿಯಬಲ್ ಇದ್ದರೆ ಇಫ್ ತೆಗೆದು ವೈಲ್ ಹಾಕಿ, ಎದ್ದ ಮೇಲೆ ಷರತ್ತನ್ನು ಮತ್ತೆ ನೋಡಲಿ. ಯಾರೂ ಎಬ್ಬಿಸದಿದ್ದರೂ ಥ್ರೆಡ್ ಏಳುವುದುಂಟು.

5. ಎರಡನೇ ಹಂತದ ಪರೀಕ್ಷೆಯನ್ನೇ ಮತ್ತೆ ಓಡಿಸಿ, ಸಾಧ್ಯವಾದರೆ ಆರ್ಮ್ ಯಂತ್ರದಲ್ಲೂ.